ಪದಸಂಪತ್ತು ಯಾರ ಪಿತ್ರಾರ್ಜಿತ?

1

ಒಂದು ಕವನ ಸಂಕಲನ ಬಂದರೆ ನಾಲ್ಕು ವಿಮರ್ಶೆ ಬರುತ್ತವೆ. ಪ್ರಶ್ನೆಪತ್ರಿಕೆಗೆ ಒಂದೂ ಬರುವುದಿಲ್ಲ. ಸಂಕಲನವನ್ನು ಐನೂರು ಜನ ಓದಿದರೆ ಹೆಚ್ಚು. ಪ್ರವೇಶ ಪರೀಕ್ಷೆಯ ಪತ್ರಿಕೆಯನ್ನಾದರೋ ಸಾವಿರಾರು ಹುಡುಗ ಹುಡುಗಿಯರು ಎದೆ ಢವಢವ ಎನ್ನುತ್ತಿರುವಾಗ ಓದುತ್ತಾರೆ, ಅವರ ಮುಂದಿನ ಬದುಕು ಅದರ ಮೇಲೆ ನಿಂತಿರುತ್ತದೆ. ದಲಿತ ವಿಮರ್ಶೆ ಎಂದರೆ ದಲಿತರು ಬರೆದ ಕಥೆ ಕವನಗಳ ಗುಣದೋಷ ಹೇಳುವುದಷ್ಟೇ ಅಲ್ಲ, ನಮ್ಮನ್ನು ಒಳಗೆ ಬಿಡುವ ಅಥವಾ ಹೊರಗೆ ನಿಲ್ಲಿಸುವ ಬರಹಗಳನ್ನೂ ಓದುವುದು ಎಂದು ಒಪ್ಪುವುದಾದರೆ, ಪ್ರಶ್ನೆಪತ್ರಿಕೆಯೂ ಒಂದು ಪಠ್ಯವೇ. ಅದಕ್ಕೂ ಒಬ್ಬ ಕರ್ತೃ ಇದ್ದಾನೆ. ಹೆಸರು ಹಾಕಿಕೊಂಡಿರುವುದಿಲ್ಲ, ಅಷ್ಟೆ.

ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಸರಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಪದವಿ ಮುಗಿಸಿದ ಹುಡುಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಆದಮೇಲೆ ಸ್ನಾತಕೋತ್ತರ ಓದು ಅವಳಿಗೆ ಕೊಂಚ ಹತ್ತಿರವಾಗಿದೆ. ಆದರೆ ಎಂ.ಬಿ.ಎ. ಬೇಕು ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಬರೆಯಬೇಕು, ಅದರಲ್ಲಿ ಇಂಗ್ಲಿಷಿನದೇ ಒಂದು ಭಾಗ ಇದೆ. ಐಐಎಂ ಕಡೆ ನೋಡಿದರೆ ಕ್ಯಾಟ್ ಇದೆ. 2024ರ ಕ್ಯಾಟ್‌ನ 68 ಪ್ರಶ್ನೆಗಳಲ್ಲಿ 24 ಇಂಗ್ಲಿಷ್ ಓದು ಮತ್ತು ಭಾಷಾ ಸಾಮರ್ಥ್ಯಕ್ಕೆ ಸಂಬಂಧಿಸಿದವು. ಅವಕ್ಕೆ ಸಿಗುವುದು 40 ನಿಮಿಷ. ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಹೈದರಾಬಾದಿಗೋ ಹೋಗೋಣವೆಂದರೆ 2022ರಿಂದ ಸಿಯುಇಟಿ-ಪಿಜಿ ಬಂದಿದೆ. ಮೊದಲ ಎರಡು ವರ್ಷ ಅದರ ಹಲವು ಪತ್ರಿಕೆಗಳಲ್ಲಿ ವಿಷಯದ ಪ್ರಶ್ನೆಗಳ ಜೊತೆಗೆ ಭಾಷಾಗ್ರಹಿಕೆ, ಪದಸಾಮರ್ಥ್ಯ ಇತ್ಯಾದಿಗಳ ಸಾಮಾನ್ಯ ಭಾಗವೂ ಇತ್ತು. 2024ರಲ್ಲಿ ಅದನ್ನು ಕೈಬಿಟ್ಟರು. ಇಂಗ್ಲಿಷ್ ಪರೀಕ್ಷೆ ತೊಲಗಿತು ಅಂತ ಖುಷಿಪಡುವ ಹಾಗಿಲ್ಲ. ಅದು ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

2

ವೊಕ್ಯಾಬುಲರಿ ಎಂಬುದನ್ನು ಕನ್ನಡದಲ್ಲಿ ಪದಸಂಪತ್ತು ಅನ್ನುತ್ತೇವೆ. ಗೊತ್ತಿಲ್ಲದೆಯೇ ನಿಜ ನುಡಿದಿದ್ದೇವೆ. ಸಂಪತ್ತು ಅಂದಮೇಲೆ ತಾಲ್ಲೂಕು ಕಚೇರಿಯ ಭಾಷೆಯಲ್ಲೇ ಕೇಳಬೇಕು: ಇದು ಪಿತ್ರಾರ್ಜಿತವೋ, ಸ್ವಯಾರ್ಜಿತವೋ? ಅಪ್ಪ ಅಮ್ಮನ ಮಾತಿನಿಂದ, ಮನೆಗೆ ಬರುವ ಪೇಪರಿನಿಂದ, ಕಾನ್ವೆಂಟಿನಿಂದ ಬಂದ ಪದ ಪಿತ್ರಾರ್ಜಿತ. ತರಗತಿಯಲ್ಲಿ ಕೂತು, ಪುಸ್ತಕ ತಿರುವಿ, ಡಿಕ್ಷನರಿ ನೋಡಿ ಗಳಿಸಿದ್ದು ಸ್ವಯಾರ್ಜಿತ. ಪರೀಕ್ಷೆ ಅಳೆಯಬೇಕಾದದ್ದು ಎರಡನೆಯದನ್ನು. ಅಳೆಯುತ್ತಿರುವುದು ಬಹುಪಾಲು ಮೊದಲನೆಯದನ್ನು.

ಇಂಥ ಪರೀಕ್ಷೆಗಳ ತಯಾರಿಗೆಂದು ಮಾರುವ ಗೈಡುಗಳನ್ನು ತೆರೆದು ನೋಡಿ. ಒಂದೇ ಪದದಲ್ಲಿ ಹೇಳಿ ಎಂಬ ಪ್ರಶ್ನೆಗಳಲ್ಲಿ 'ಫಿಲಾಟಲಿಸ್ಟ್' ಇದ್ದೇ ಇರುತ್ತದೆ. ಅಂಚೆಚೀಟಿ ಸಂಗ್ರಹಿಸುವವನು ಅಂತ ಅರ್ಥ. ಚೀಟಿ ಸಂಗ್ರಹಿಸಬೇಕಾದರೆ ಮನೆಗೆ ಕಾಗದ ಬರಬೇಕು, ಅದೂ ದೇಶ ವಿದೇಶಗಳಿಂದ. ನಮ್ಮ ಕೇರಿಗಳಿಗೆ ಬರುತ್ತಿದ್ದುದು ಮನಿಆರ್ಡರು, ಇಲ್ಲವೇ ಕೋರ್ಟಿನ ನೋಟೀಸು. ಸಮಾಜಶಾಸ್ತ್ರ ಓದಲು ಬಂದವಳಿಗೆ ಈ ಪದ ಗೊತ್ತಿದ್ದರೆಷ್ಟು, ಬಿಟ್ಟರೆಷ್ಟು?

ನುಡಿಗಟ್ಟಿನ ಭಾಗದಲ್ಲಿ 'ಬ್ಲಾಕ್ ಶೀಪ್' ಬರುತ್ತದೆ. ಮನೆತನಕ್ಕೆ ಕಳಂಕ ತಂದವನು ಅಂತ ಸರಿಯುತ್ತರ. ಬಿಳಿ ಉಣ್ಣೆಗೆ ಬಣ್ಣ ಕಟ್ಟಿ ಮಾರುತ್ತಿದ್ದ ಯೂರೋಪಿನವರಿಗೆ, ಬಣ್ಣ ಹತ್ತದ ಕರಿ ಉಣ್ಣೆ ದಂಡ ಅನ್ನಿಸಿತು, ಮಾತು ಹುಟ್ಟಿತು. ಕುರಿಯ ಜೊತೆಗೇ ಬದುಕುವ ಶಿರಾ, ಮಧುಗಿರಿ, ಪಾವಗಡದ ಸೀಮೆಯಲ್ಲಿ ಕರಿಕುರಿ ಕಳಂಕವಲ್ಲ, ಕರಿ ಕಂಬಳಿ ದೇವರ ಗದ್ದುಗೆಗೂ ಹಾಸುವಂಥದ್ದು. ಕುರಿ ಗೊತ್ತಿರುವವನೇ ಇಲ್ಲಿ ತಪ್ಪು ಉತ್ತರ ಬರೆಯುತ್ತಾನೆ. ಇದೆಂಥ ಓದಿನ ಪರೀಕ್ಷೆ ಸ್ವಾಮಿ?

ಇನ್ನೊಂದು ಪದವಿದೆ. ಅದನ್ನು ಬರೆಯುವಾಗ ಕೈ ತಡೆಯುತ್ತದೆ. 'ಪರಿಯಾ'. ಸಮಾನಾರ್ಥಕ ಪದ ಗುರುತಿಸಿ ಎಂಬ ಪಟ್ಟಿಗಳಲ್ಲಿ ಇದು ಹಳೆಯ ಗಿರಾಕಿ. ಸರಿಯುತ್ತರ: ಬಹಿಷ್ಕೃತ, ಹೊರಗಿನವನು. ಈ ಪದ ತಮಿಳಿನ ಪರೆಯರ್ ಎಂಬ ಜಾತಿಯ ಹೆಸರಿನಿಂದ ಇಂಗ್ಲಿಷಿಗೆ ಹೋದದ್ದು, ಅದರ ಬೇರು ಪರೈ, ಅಂದರೆ ತಮಟೆ. ಒಂದು ಜನಸಮುದಾಯದ ಹೆಸರನ್ನು ಬೈಗುಳವಾಗಿ ಕಡಲಾಚೆ ಒಯ್ದು, ಪದಸಂಪತ್ತಾಗಿ ವಾಪಸ್ಸು ತಂದು, ತಮಟೆ ಬಡಿಯುವವರ ಮಗನ ಮುಂದೆ ಇಟ್ಟು, 'ಅರ್ಥ ಹೇಳು, ಅಂಕ ಕೊಡುತ್ತೇವೆ' ಎನ್ನುವುದು. ಪ್ರಶ್ನೆ ತೆಗೆದವನಿಗೆ ದುರುದ್ದೇಶ ಇರಬೇಕೆಂದಿಲ್ಲ. ಅವನ ಎದುರಿಗೆ ಆ ಹುಡುಗ ಇರಲೇ ಇಲ್ಲ ಎಂಬುದೇ ನಮ್ಮ ದೂರು.

3

ಬಿಡಿ ಪದಗಳ ಕಥೆ ಹೀಗಾದರೆ, ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುವುದು ನ್ಯಾಯವಲ್ಲವೇ, ಉತ್ತರ ಅಲ್ಲೇ ಇರುತ್ತದಲ್ಲ ಅನ್ನಬಹುದು. ಅದನ್ನೂ ನೋಡೋಣ.

1988ರಲ್ಲಿ ಅಮೆರಿಕದ ರೆಕ್ಟ್ ಮತ್ತು ಲೆಸ್ಲಿ ಎಂಬ ಇಬ್ಬರು ಸಂಶೋಧಕರು 64 ಮಂದಿ ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ವರ್ಣನೆ ಓದಲು ಕೊಟ್ಟರು. ಓದಿನಲ್ಲಿ ಹಿಂದೆ ಎನಿಸಿಕೊಂಡಿದ್ದರೂ ಬೇಸ್‌ಬಾಲ್ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಬೇಸ್‌ಬಾಲ್ ಅರಿಯದವರಿಗಿಂತ ಚೆನ್ನಾಗಿ ಗ್ರಹಿಸಿದ್ದರು. ಓದು ಬರೀ ಕಣ್ಣಿನ ಕೆಲಸವಲ್ಲ, ಓದುವವನ ಹಿಂದೆ ಒಂದು ಲೋಕ ಇರಬೇಕು. ತಮಟೆಯನ್ನು ನುಡಿಸುವ ಮೊದಲು ಬೆಂಕಿಗೆ ಹಿಡಿದು ಯಾಕೆ ಕಾಯಿಸುತ್ತಾರೆ, ರಾಗಿ ಕಣದಲ್ಲಿ ಗಾಳಿ ನೋಡಿ ಹೇಗೆ ತೂರುತ್ತಾರೆ, ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಬೆಲೆ ಹೇಗೆ ಕಟ್ಟುತ್ತಾರೆ ಎಂಬುದರ ಮೇಲೆ ಇಂಗ್ಲಿಷಿನಲ್ಲೇ ಒಂದು ಗದ್ಯಭಾಗ ಕೊಡಲಿ. ಕಾನ್ವೆಂಟಿನ ಮಕ್ಕಳು ಎಲ್ಲ ಪದ ಗೊತ್ತಿದ್ದೂ ತಡವರಿಸುತ್ತಾರೆ. ಹಾಗೆ ಅವರನ್ನು ಸೋಲಿಸುವುದು ನಮ್ಮ ಆಸೆಯಲ್ಲ. ಯಾವ ಗದ್ಯಭಾಗವೂ ಎಲ್ಲರಿಗೂ ಒಂದೇ ಅಲ್ಲ ಎಂಬುದಷ್ಟೇ ಮಾತು.

ಪದಗಳ ಲೆಕ್ಕವೂ ಇದೆ. ಸಾಮಾನ್ಯ ಇಂಗ್ಲಿಷ್ ಪುಸ್ತಕ, ಪತ್ರಿಕೆಗಳನ್ನು ಯಾರ ನೆರವೂ ಇಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳ ಪರಿಚಯ ಬೇಕೆಂದು ಪಾಲ್ ನೇಷನ್ ಎಂಬ ಭಾಷಾವಿಜ್ಞಾನಿ 2006ರಲ್ಲಿ ಅಂದಾಜು ಮಾಡಿದರು. ಹಳ್ಳಿಯ ಸರಕಾರಿ ಶಾಲೆಯಲ್ಲಿ ದಿನಕ್ಕೊಂದು ಪೀರಿಯಡ್ ಇಂಗ್ಲಿಷ್, ಅದನ್ನೂ ಕನ್ನಡದಲ್ಲಿ ಅರ್ಥ ಹೇಳಿ ಮುಗಿಸುವ ಪಾಠ. ಈ ದಾರಿಯಲ್ಲಿ ನಡೆದು ಅಷ್ಟು ಪದ ಗಳಿಸಲು ಎಷ್ಟು ಕಾಲ ಬೇಕೋ ನೀವೇ ಎಣಿಸಿ.

ಈಗ ಸಿಯುಇಟಿ-ಪಿಜಿಯ ಮಾತು. ಸಾಮಾನ್ಯ ಭಾಗ ಹೋದ ಮೇಲೆ 75 ಪ್ರಶ್ನೆಗಳೂ ವಿಷಯದ ಮೇಲೇ. 2025ರಲ್ಲಿ ಅದಕ್ಕೆ ಕೊಟ್ಟ ಕಾಲ 90 ನಿಮಿಷ, ಅಂದರೆ ಪ್ರಶ್ನೆಯೊಂದಕ್ಕೆ 72 ಸೆಕೆಂಡು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಭಾಷಾ ಪತ್ರಿಕೆಗಳಂಥ ಕೆಲವನ್ನು ಬಿಟ್ಟರೆ ಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಉತ್ತರಪ್ರದೇಶದ ಹುಡುಗ ತನ್ನ ಮಾತಿನಲ್ಲಿ ಓದಿ ಉತ್ತರ ಯೋಚಿಸುತ್ತಾನೆ. ಕುಣಿಗಲ್ಲಿನ ಹುಡುಗಿ ಮೊದಲು ಇಂಗ್ಲಿಷನ್ನು ಬಿಡಿಸಿಕೊಳ್ಳಬೇಕು, ಆಮೇಲೆ ಇತಿಹಾಸವನ್ನು. ಉತ್ತರ ಗೊತ್ತು, ಪ್ರಶ್ನೆ ಅರ್ಥವಾಗಲಿಲ್ಲ ಎಂಬ ಸ್ಥಿತಿ ಅವಳದು. ಇಂಗ್ಲಿಷ್ ಪರೀಕ್ಷೆ ಹೋಗಿಲ್ಲ, ಇಡೀ ಪತ್ರಿಕೆಯೊಳಗೆ ಕರಗಿಕೊಂಡಿದೆ. ಮಾಡಲಾಗದ ಕೆಲಸವೇ ಇದು? ಇದೇ ಸಂಸ್ಥೆ ಪದವಿ ಪ್ರವೇಶದ ಸಿಯುಇಟಿಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಸಿದೆ.

4

ಪರೀಕ್ಷೆ ಎಂಬುದು ತಕ್ಕಡಿ, ಅದಕ್ಕೆ ಜಾತಿ ಇಲ್ಲ ಎನ್ನುವವರು ತಕ್ಕಡಿ ಮಾಡಿದವರ ಚರಿತ್ರೆಯನ್ನು ಓದಬೇಕು. 1926ರಲ್ಲಿ ಅಮೆರಿಕದಲ್ಲಿ ಮೊದಲ ಸ್ಯಾಟ್ ಪರೀಕ್ಷೆ ರೂಪಿಸಿದ ಕಾರ್ಲ್ ಬ್ರಿಗ್‌ಹ್ಯಾಮ್, ಅದಕ್ಕೆ ಮೂರು ವರ್ಷ ಮುಂಚೆ ಜನಾಂಗಗಳ ಬುದ್ಧಿಯಲ್ಲಿ ಮೇಲುಕೀಳು ಇದೆಯೆಂದು ಪುಸ್ತಕ ಬರೆದವನು. 1930ರಲ್ಲಿ ತನ್ನ ತೀರ್ಮಾನಕ್ಕೆ ಆಧಾರವಿಲ್ಲವೆಂದು ತಾನೇ ಒಪ್ಪಿಕೊಂಡ. ಪರೀಕ್ಷೆ ಮಾತ್ರ ಬೆಳೆಯಿತು. ಅದೇ ಪರೀಕ್ಷೆಯ ಒಂದು ಪ್ರಶ್ನೆಗೆ ಸರಿಯುತ್ತರ ಹೊಳೆಯಬೇಕಾದರೆ 'ರೆಗಾಟಾ' ಎಂಬ ಪದ ಗೊತ್ತಿರಬೇಕಿತ್ತು. ಅಂದರೆ ಶ್ರೀಮಂತರ ದೋಣಿಪಂದ್ಯ. ಕರಿಯರ, ಬಡವರ ಮಕ್ಕಳು ಇದನ್ನೆಲ್ಲಿ ನೋಡಬೇಕು ಎಂಬ ಪ್ರಶ್ನೆ ಎದ್ದಿತು. ಅಂಥ ಪದಜೋಡಿಯ ಪ್ರಶ್ನೆಗಳನ್ನು 2005ರಲ್ಲಿ ಸ್ಯಾಟ್‌ನಿಂದ ತೆಗೆದರು. ಸ್ನಾತಕೋತ್ತರ ಪ್ರವೇಶದ ಜಿಆರ್‌ಇ ಪರೀಕ್ಷೆಯಿಂದಲೂ 2011ರಲ್ಲಿ ಪದಜೋಡಿ, ವಿರುದ್ಧಪದಗಳ ಪ್ರಶ್ನೆ ಹೋದವು. ಹುಟ್ಟಿಸಿದವರೇ ಬಿಟ್ಟದ್ದನ್ನು ನಮ್ಮ ಗೈಡುಗಳು ಇನ್ನೂ ಎದೆಗವಚಿಕೊಂಡು ಕೂತಿವೆ.

5

ಇಷ್ಟು ಹೇಳಿದೊಡನೆ ಒಂದು ಕಡೆಯಿಂದ ಚಪ್ಪಾಳೆ ಬರುತ್ತದೆ: 'ಹಾಗಾದರೆ ಇಂಗ್ಲಿಷನ್ನೇ ತೆಗೆಯಿರಿ, ಎಲ್ಲ ಕನ್ನಡದಲ್ಲೇ ಆಗಲಿ.' ಈ ಚಪ್ಪಾಳೆ ನಮಗೆ ಬೇಡ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದರು. ಬೂಸಾ ಎಂಬ ಒಂದು ಪದಕ್ಕೆ ನಾಡು ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಗಿರಿ ಕಳೆದುಕೊಂಡರು. ಆ ಗಲಾಟೆಯಲ್ಲಿ ಅವರ ಮಾತಿನ ಇನ್ನೊಂದು ಅರ್ಧ ಯಾರ ಕಿವಿಗೂ ಬೀಳಲಿಲ್ಲ. ಜ್ಞಾನ ಬೇಕಾದರೆ ಇಂಗ್ಲಿಷ್ ಕಲಿಯಿರಿ ಎಂಬುದು ಆ ಅರ್ಧ. ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ' ಬರೆದದ್ದು ಇಂಗ್ಲಿಷಿನಲ್ಲಿ. ಆ ಇಂಗ್ಲಿಷ್ ಅವರಿಗೆ ಅಗ್ರಹಾರದ ಉಂಬಳಿಯಾಗಿ ಬರಲಿಲ್ಲ. ಸೈನ್ಯದ ಶಾಲೆಯಲ್ಲಿ ಮೇಷ್ಟರಾಗಿದ್ದ ತಂದೆ ರಾಮ್‌ಜಿ ಸಕ್ಪಾಲರು ಮಗನನ್ನು ಕೂರಿಸಿಕೊಂಡು ಕಲಿಸಿದರು, ಮಗ ರಾತ್ರಿಯೆಲ್ಲ ಓದಿದ. ಪಕ್ಕಾ ಸ್ವಯಾರ್ಜಿತ.

ಕರ್ನಾಟಕ ಸರಕಾರ 1994ರಲ್ಲಿ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲೇ ಆಗಬೇಕೆಂದು ಆದೇಶ ಮಾಡಿತು. 2014ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೇರುವಂತಿಲ್ಲ ಎಂದಿತು. ಈ ನಡುವಿನ ಇಪ್ಪತ್ತು ವರ್ಷ ಕಾಸಿದ್ದವರ ಮಕ್ಕಳು ಇಂಗ್ಲಿಷಿನಲ್ಲೇ ಓದಿದರು, ಆದೇಶ ಪಾಲಿಸಿದವರು ನಮ್ಮ ಹಟ್ಟಿಯ ಮಕ್ಕಳು. ಕನ್ನಡವನ್ನು ಉಳಿಸುವ ಹೊರೆಯನ್ನು ಹೀಗೆ ಹೊತ್ತವರಿಗೇ ಸ್ನಾತಕೋತ್ತರದ ಬಾಗಿಲಲ್ಲಿ 'ಇಂಗ್ಲಿಷ್ ಎಲ್ಲಿ?' ಎಂದು ಕೇಳುವುದು ಯಾವ ಧರ್ಮ?

ಇನ್ನೊಂದು ಕಡೆಯ ಮಾತಿಗೂ ಉತ್ತರ ಕೊಡಲೇಬೇಕು. 'ಇಂಗ್ಲಿಷ್ ಬಾರದವನು ಪಿ.ಜಿ.ಗೆ ಬಂದು ಏನು ಮಾಡ್ತಾನೆ?' ಈ ಮಾತಿನ ದನಿಯಲ್ಲಿ ತಿರಸ್ಕಾರ ಇದೆ, ಒಳಗೆ ನಿಜವೂ ಇದೆ. ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ಮೇಲುಮಟ್ಟದ ಪುಸ್ತಕಗಳು ಕನ್ನಡದಲ್ಲಿ ಕಡಿಮೆ. ಒಳಗೆ ಬಂದ ಹುಡುಗ ಸೆಮಿನಾರಿನಲ್ಲಿ ಬಾಯಿ ಬಿಡಲಾಗದೆ ಹಿಂದಿನ ಬೆಂಚಿಗೆ ಸರಿದು, ಕೊನೆಗೆ ನೋಟ್ಸು ಉರುಹೊಡೆದು ಪಾಸಾದರೆ ಅದು ನಮ್ಮ ಗೆಲುವಲ್ಲ. ಮೀಸಲಾತಿ ಸೀಟು ಕೊಡುತ್ತದೆ, ಓದಿಸುವುದಿಲ್ಲ. ಕಟ್-ಆಫ್ ಇಳಿಸಿ ಎಂಬ ಒಂದೇ ಬೇಡಿಕೆಗೆ ನಮ್ಮ ಸಂಘಟನೆಗಳು ನಿಂತರೆ ಆಳುವವರಿಗೂ ಆರಾಮ: ಅಂಕ ಇಳಿಸಿದರೆ ಖರ್ಚಿಲ್ಲ, ಕಲಿಸಿದರೆ ಮೇಷ್ಟರು ಬೇಕು.

6

ಹಾಗಾಗಿ ಬೇಡಿಕೆಯನ್ನು ಬಿಡಿಸಿ ಹೇಳೋಣ. ಬಿಡಿಪದ, ನುಡಿಗಟ್ಟುಗಳ ಪ್ರಶ್ನೆ ಪ್ರವೇಶ ಪರೀಕ್ಷೆಯಿಂದ ಪೂರ್ತಿ ಹೋಗಲಿ. ವಿಷಯದ ಪತ್ರಿಕೆ ಕನ್ನಡದಲ್ಲೂ ಇರಲಿ, ಪಕ್ಕದಲ್ಲೇ ಇಂಗ್ಲಿಷೂ ಇರಲಿ. ಇಂಗ್ಲಿಷ್ ಓದನ್ನು ಪರೀಕ್ಷಿಸಲೇಬೇಕಾದರೆ ಆಯಾ ವಿಷಯದ ಪುಸ್ತಕದಿಂದಲೇ ಒಂದು ಪುಟ ಕೊಡಲಿ, ಡಿಕ್ಷನರಿಯನ್ನೂ ಕಾಲವನ್ನೂ ಕೊಡಲಿ. ಅದೂ ಸೀಟು ಕೊಟ್ಟ ಮೇಲೆ, ಯಾರಿಗೆ ಏನು ಕಲಿಸಬೇಕೆಂದು ತಿಳಿಯುವುದಕ್ಕಾಗಿ. ಬಾಗಿಲ ಹೊರಗಿನ ಪರೀಕ್ಷೆ ಜರಡಿಯಾಗುತ್ತದೆ, ಒಳಗಿನ ಪರೀಕ್ಷೆ ಪಾಠವಾಗಬಹುದು.

ಈ ಪಾಠ ಎಂ.ಎ.ವರೆಗೆ ಕಾಯಬೇಕಿಲ್ಲ. ಗುಬ್ಬಿ, ಕುಣಿಗಲ್ ಕಾಲೇಜುಗಳಲ್ಲಿ ಪದವಿಯ ಮೊದಲ ವರ್ಷದಿಂದಲೇ, ಇತಿಹಾಸದವರಿಗೆ ಇತಿಹಾಸದ, ವಾಣಿಜ್ಯದವರಿಗೆ ವಾಣಿಜ್ಯದ ಒಂದೊಂದು ಇಂಗ್ಲಿಷ್ ಪುಟ ಓದಿಸಿ ಕನ್ನಡದಲ್ಲಿ ಚರ್ಚಿಸಲಿ. ಅರ್ಥವಾದದ್ದನ್ನು ಕನ್ನಡದಲ್ಲಿ ಹೇಳಬಲ್ಲವನಿಗೆ ಓದು ಬಂದಿದೆ ಎಂದೇ ಲೆಕ್ಕ. ಮಾತಾಡುವ ಇಂಗ್ಲಿಷಿನ ಥಳಕು ಬೇರೆ, ಓದುವ ಇಂಗ್ಲಿಷಿನ ಬಲ ಬೇರೆ. ನಮಗೆ ಮೊದಲು ಬೇಕಾದದ್ದು ಎರಡನೆಯದು.

ಸರಕಾರ ಮಾಡುವವರೆಗೆ ಕೈಕಟ್ಟಿ ಕೂರುವುದೂ ಬೇಡ. ಹಳೆಯ ಪ್ರಶ್ನೆಪತ್ರಿಕೆಗಳು ನಮ್ಮ ಹಾಸ್ಟೆಲುಗಳ ಟ್ರಂಕುಗಳಲ್ಲೇ ಬಿದ್ದಿವೆ. ತುಮಕೂರಿನ ವಿದ್ಯಾರ್ಥಿ ನಿಲಯಗಳಲ್ಲಿ ವಾರಕ್ಕೊಂದು ಸಂಜೆ ನಾಲ್ಕಾರು ಜನ ಕೂತು ಅವನ್ನು ಸಾಲು ಸಾಲಾಗಿ ಓದಲಿ: ಈ ಪದ ವಿಷಯಕ್ಕೆ ಬೇಕಾದದ್ದೋ, ಯಾರದೋ ಮನೆಯ ಹಜಾರದ್ದೋ ಎಂದು ಗುರುತು ಹಾಕಲಿ. ಬೇಕಾದದ್ದನ್ನು ಕಲಿಯಲಿ, ಬೇಡದ್ದರ ಪಟ್ಟಿ ಮಾಡಿ ಪರೀಕ್ಷಾ ಪ್ರಾಧಿಕಾರಕ್ಕೆ ಕಳಿಸಲಿ, ಇಂಥ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಲಿ. ಕಲಿಯುವ ಕೆಲಸ, ವಿಮರ್ಶೆಯ ಕೆಲಸ ಎರಡೂ ಒಂದೇ ಚಾಪೆಯ ಮೇಲೆ ಆಗುತ್ತವೆ.