ಕಂಪಿಲಿಯ ಪ್ರತಿರೋಧ: ಪ್ರೇರಣೆ ಮತ್ತು ಕಥನ

ಗೆರಿಲ್ಲಾ ಯುದ್ಧವನ್ನು ಕುರಿತ ಚರ್ಚೆ ಬಹುಮಟ್ಟಿಗೆ ತಂತ್ರದ ಚರ್ಚೆಯಾಗಿದೆ. ಬೆಟ್ಟದ ಮರೆ, ಹಠಾತ್ ದಾಳಿ, ಕೋಟೆಯಿಂದ ಕೋಟೆಗೆ ಸರಿಯುವಿಕೆ ಇವುಗಳ ವಿವರಣೆಯಿಂದ ಅಲ್ಪಬಲರು ಹೇಗೆ ಕಾದಿದರೆಂಬುದು ತಿಳಿಯುತ್ತದೆ. ಏಕೆ ಕಾದಿದರೆಂಬುದು ತಿಳಿಯುವುದಿಲ್ಲ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರದ ಕಂಪಿಲಿ ರಾಜ್ಯದ ಪ್ರತಿರೋಧವನ್ನು ಪೂರ್ಣಾರ್ಥದಲ್ಲಿ ಗೆರಿಲ್ಲಾ ಯುದ್ಧವೆನ್ನಲಾಗದು. ಆದರೆ ದುರ್ಗಗಳನ್ನು ನೆಚ್ಚಿ ಸಾಮ್ರಾಜ್ಯವೊಂದನ್ನು ಎದುರಿಸಿದ ಈ ಸಣ್ಣ ರಾಜ್ಯ ಪ್ರೇರಣೆಯ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತದೆ.

ಹಂಪಿಯ ಹೇಮಕೂಟದ ಶಾಸನವು ವೀರ ಕಂಪಿಲದೇವನು ತಂದೆ ಮುಮ್ಮಡಿ ಸಿಂಗೆಯನಾಯಕ ಮೊದಲಾದವರ ನೆನಪಿಗೆ ಲಿಂಗಗಳನ್ನು ಪ್ರತಿಷ್ಠಾಪಿಸಿದುದನ್ನು ತಿಳಿಸುತ್ತದೆ. ಸೇವುಣರ ಪತನಾನಂತರ ಸ್ವತಂತ್ರವಾದ ಈ ಮನೆತನಕ್ಕೆ ನೆಲದ ಒಡೆತನವನ್ನು ಉಳಿಸಿಕೊಳ್ಳುವುದೇ ಮೊದಲ ಪ್ರೇರಣೆ. ಆದರೆ 1327ರ ಸರ್ವನಾಶಕ್ಕೆ ಇದೊಂದೇ ಕಾರಣವಲ್ಲ. ಮಹಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಸಗರದ ಅಧಿಕಾರಿ ಬಹಾವುದ್ದೀನ್ ಗುರ್ಷಾಸ್ಪನು ಕಂಪಿಲಿಯಲ್ಲಿ ಆಶ್ರಯ ಪಡೆದನು. ಇಬ್ನ್ ಬತೂತಾನ ಪ್ರಕಾರ, ಕಂಪಿಲನು ಅವನನ್ನು ಒಪ್ಪಿಸದೆ ನೆರೆಯ ಅರಸನಲ್ಲಿಗೆ ಕಳುಹಿಸಿ, ತಾನು ಹೋರಾಡಿ ಮಡಿದನು. ಹೊಯ್ಸಳ ಮೂರನೆಯ ಬಲ್ಲಾಳನಾದರೋ ಅದೇ ಶರಣಾಗತನನ್ನು ದೆಹಲಿಗೆ ಒಪ್ಪಿಸಿದನು. ಅಂದರೆ ಬೇರೊಂದು ದಾರಿ ಇತ್ತು. ಕಂಪಿಲನದು ಅನಿವಾರ್ಯತೆಯಲ್ಲ, ಆಯ್ಕೆ.

ಈ ಆಯ್ಕೆಯನ್ನು ಕನ್ನಡ ಕಥನ ಪರಂಪರೆ ತನ್ನದೇ ರೀತಿಯಲ್ಲಿ ಗ್ರಹಿಸಿದೆ. ನಂಜುಂಡ, ಪಾಂಚಾಳಗಂಗ ಮೊದಲಾದವರ ಸಾಂಗತ್ಯಗಳಲ್ಲಿ ನಾಯಕಸ್ಥಾನ ಅರಸನದಲ್ಲ, ಮಗ ಕುಮಾರರಾಮನದು. ಮಲತಾಯಿ ರತ್ನಾಜಿಯ ಸುಳ್ಳು ದೂರಿನಿಂದ ಮರಣದಂಡನೆಗೆ ಗುರಿಯಾದ ರಾಮನನ್ನು ಮಂತ್ರಿ ಬೈಚಪ್ಪನು ಗುಟ್ಟಾಗಿ ಕಾಯುತ್ತಾನೆ. ಶತ್ರು ಮುತ್ತಿದಾಗ ರಾಮನು ಹೊರಬಂದು ತನ್ನನ್ನು ಕೊಲ್ಲಹೇಳಿದ ತಂದೆಯ ರಾಜ್ಯಕ್ಕಾಗಿಯೇ ಕಾದುತ್ತಾನೆ. ಇಲ್ಲಿ ಯುದ್ಧದ ಪ್ರೇರಣೆ ಭೂಮಿಯೂ ಅಲ್ಲ, ಸಿಂಹಾಸನವೂ ಅಲ್ಲ. ಪರನಾರೀಸೋದರತ್ವ ಮತ್ತು ಶರಣಾಗತರಕ್ಷಣೆ ಎಂಬ ನಡತೆ. ಇದನ್ನು ಐತಿಹಾಸಿಕ ವ್ಯಕ್ತಿಯ ಅಂತರಂಗದ ದಾಖಲೆಯೆಂದು ತಿಳಿಯುವುದು ತಪ್ಪು. ಕೇವಲ ಕಲ್ಪನೆಯೆಂದು ತಳ್ಳಿಹಾಕುವುದೂ ತಪ್ಪು. ಸೋತ ಯುದ್ಧವೊಂದನ್ನು ಯಾವ ಕಾರಣಕ್ಕಾಗಿ ನೆನೆಯಬೇಕೆಂದು ಸಮುದಾಯ ನೀಡಿದ ತೀರ್ಪು ಅದು.

ಹಲಗಲಿಯ ಬೇಡರ ಲಾವಣಿಯೊಡನೆ ಹೋಲಿಸಿದಾಗ ಈ ಮಾತು ಇನ್ನಷ್ಟು ಖಚಿತವಾಗುತ್ತದೆ. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯಿದೆಯ ವಿರುದ್ಧ ನಡೆದ ಆ ಬಂಡಾಯ ಸರ್ಕಾರದ ದೃಷ್ಟಿಯಲ್ಲಿ ಆಜ್ಞೋಲ್ಲಂಘನೆ. ಫ್ಲೀಟ್ ಸಂಗ್ರಹಿಸಿದ ಲಾವಣಿಯ ದೃಷ್ಟಿಯಲ್ಲಿ ಆಯುಧವೆಂದರೆ ಬೇಡರ ಮಾನ. ಆಳುವವರ ಕಡತ ಅಪರಾಧವನ್ನು ದಾಖಲಿಸುತ್ತದೆ. ಹಾಡು ಕಾರಣವನ್ನು ಉಳಿಸಿಕೊಳ್ಳುತ್ತದೆ.

ಆದರೂ ವೀರಕಥನಕ್ಕೆ ಮಿತಿಯುಂಟು. ಕಂಪಿಲಿಯ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರೆಂದು ಇಬ್ನ್ ಬತೂತಾ ಬರೆದಿದ್ದಾನೆ. ಶರಣಾಗತನನ್ನು ಕಾಯುವ ನಿರ್ಧಾರ ಅರಸನದು. ಅದರ ಬೆಲೆ ತೆತ್ತವರಲ್ಲಿ ಆ ನಿರ್ಧಾರದಲ್ಲಿ ಪಾಲಿಲ್ಲದವರೂ ಇದ್ದರು. ಪ್ರೇರಣೆಯ ಉದಾತ್ತತೆಯನ್ನು ಒಪ್ಪುವ ಅಧ್ಯಯನವು ಆ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಪ್ರತಿರೋಧದ ಚರಿತ್ರೆ ಪೂರ್ಣವಾಗುತ್ತದೆ.