ಕ್ರಮವಿಧಿಯ ಪಾಠ: ಸೂತ್ರವೂ ಪ್ರಯೋಗವೂ

ನಮ್ಮ ವಿಶ್ವವಿದ್ಯಾನಿಲಯಗಳ ಗಣಕವಿಜ್ಞಾನದ ಬೋಧನೆಯನ್ನು ಕುರಿತು ಚರ್ಚಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಯಾವ ಭಾಷೆಯನ್ನು ಕಲಿಸಬೇಕು? ಒಂದು ಕಾಲಕ್ಕೆ ಫೋರ್ಟ್ರಾನ್, ಅನಂತರ ಸಿ, ಈಗ ಪೈಥಾನ್. ಈ ಪ್ರಶ್ನೆ ಗೌಣವಾದುದು. ಯಂತ್ರ ಒಪ್ಪುವ ವಾಕ್ಯವನ್ನು ರಚಿಸುವುದು ವ್ಯಾಕರಣದ ಕೆಲಸ. ಆ ವಾಕ್ಯ ಹೇಳಬೇಕಾದುದನ್ನೇ ಹೇಳಿದೆಯೆ ಎಂದು ಪರೀಕ್ಷಿಸುವುದು ವಿವೇಚನೆಯ ಕೆಲಸ. ಪ್ರೋಗ್ರಾಂ ಎಂದು ರೂಢಿಯಲ್ಲಿರುವ ಕ್ರಮವಿಧಿಯ ಪಾಠದಲ್ಲಿ ಮೊದಲನೆಯದಕ್ಕೆ ದೊರೆತ ಸ್ಥಾನ ಎರಡನೆಯದಕ್ಕೆ ದೊರೆತಿಲ್ಲವೆಂಬುದನ್ನು ಇಲ್ಲಿ ನಿರೂಪಿಸಲು ಯತ್ನಿಸಿದೆ. ಕೋಡಂಬಾಕ್ಕಂ ಸುತ್ತಿನ ಕನ್ನಡ ಮನೆಗಳಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳು ವಿರಳರಲ್ಲವಾದುದರಿಂದ ಈ ವಿಚಾರ ನಮಗೆ ದೂರದ್ದೇನೂ ಅಲ್ಲ.

ಕಾನ್ಪುರದ ಐ.ಐ.ಟಿ.ಗೆ 1963ರಲ್ಲಿ ಐಬಿಎಂ 1620 ಯಂತ್ರ ಬಂದಿತು. ಅಲ್ಲಿ ಪಾಠ ಹೇಳುತ್ತಿದ್ದ ವಿ. ರಾಜಾರಾಮನ್ನರ ‘ಪ್ರಿನ್ಸಿಪಲ್ಸ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ 1969ರಲ್ಲಿ ಪ್ರಕಟವಾಗಿ ದೇಶದ ವಿದ್ಯಾರ್ಥಿಗಳಿಗೆ ಕೈಪಿಡಿಯಾಯಿತು. ಮದರಾಸಿನ ಐ.ಐ.ಟಿ.ಯಲ್ಲಿ 1973ರಲ್ಲಿ ಐಬಿಎಂ 370 ಸ್ಥಾಪಿತವಾಯಿತು. ಕಾನ್ಪುರದಲ್ಲಿ ಅಧ್ಯಾಪಕರಾಗಿದ್ದ ಎಚ್. ಎನ್. ಮಹಾಬಲರು ಇಲ್ಲಿಗೆ ಬಂದು ಗಣಕಶಿಕ್ಷಣವನ್ನು ಬೆಳೆಸಿದರು. ಆ ಕಾಲದ ವಿದ್ಯಾರ್ಥಿ ಕ್ರಮವಿಧಿಯನ್ನು ಕಾಗದದಲ್ಲಿ ಬರೆದು, ಸಾಲಿಗೊಂದರಂತೆ ಕಾರ್ಡುಗಳಿಗೆ ರಂಧ್ರ ಹಾಕಿಸಿ, ಆ ಕಟ್ಟನ್ನು ಗಣಕಕೇಂದ್ರಕ್ಕೆ ಒಪ್ಪಿಸಿ ಫಲಿತಕ್ಕಾಗಿ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ ಕಾಯಬೇಕಾಗಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಅಷ್ಟು ಹೊತ್ತು ವ್ಯರ್ಥ. ಆದುದರಿಂದ ಒಪ್ಪಿಸುವ ಮುನ್ನ ತಾನೇ ಯಂತ್ರವಾಗಿ ಪ್ರತಿ ಸಾಲನ್ನೂ ಓದಿ, ಬೆಲೆಗಳನ್ನು ಕಾಗದದಲ್ಲಿ ಗುರುತಿಸಿಕೊಂಡು, ತಪ್ಪನ್ನು ಹುಡುಕುತ್ತಿದ್ದನು. ಈ ಅಭ್ಯಾಸವನ್ನು ಯಂತ್ರಗಳ ಅಭಾವವೇ ವಿಧಿಸಿತ್ತು. ಯಂತ್ರ ಸುಲಭವಾದೊಡನೆ ಅಭಾವದ ಜತೆಗೆ ಓದುವ ಅಭ್ಯಾಸವೂ ಕಳೆಯಿತು. ಹಳೆಯ ಕಷ್ಟವನ್ನು ಮರಳಿ ಬಯಸುವುದು ಅವಿವೇಕ. ಅಭಾವ ಕಲಿಸುತ್ತಿದ್ದುದನ್ನು ಪಠ್ಯಕ್ರಮವು ವಹಿಸಿಕೊಳ್ಳಲಿಲ್ಲ ಎಂಬುದಷ್ಟೇ ನಮ್ಮ ಆಕ್ಷೇಪಣೆ.

ಬ್ರಯನ್ ಕರ್ನಿಘನ್, ಡೆನ್ನಿಸ್ ರಿಚಿ ಇವರು 1978ರಲ್ಲಿ ಪ್ರಕಟಿಸಿದ ಸಿ ಭಾಷೆಯ ಪುಸ್ತಕವು ಮೊದಲ ಅಧ್ಯಾಯದಲ್ಲಿಯೇ ಚಿಕ್ಕವಾದರೂ ಪೂರ್ಣವಾದ ಕ್ರಮವಿಧಿಗಳನ್ನು ಮುಂದಿಡುತ್ತದೆ: ಉಷ್ಣಮಾನದ ಕೋಷ್ಟಕ, ಅಕ್ಷರಗಳ ಎಣಿಕೆ ಇತ್ಯಾದಿ. ನಿಯಮಗಳ ವಿಸ್ತರಣೆ ಬರುವುದು ಅನಂತರ. ನಮ್ಮಲ್ಲಿ ಪರೀಕ್ಷೆಯನ್ನು ಲಕ್ಷಿಸಿ ಬರೆದ ಪುಸ್ತಕಗಳಲ್ಲಿ ಅನೇಕವು ಈ ಕ್ರಮವನ್ನು ತಿರುವುಮುರುವು ಮಾಡಿವೆ. ವ್ಯಾಖ್ಯೆ, ವರ್ಗೀಕರಣ, ಚಿಹ್ನೆಗಳ ಪಟ್ಟಿ, ಕೊನೆಗೆ ಕಂಠಸ್ಥ ಮಾಡಲು ಅನುಕೂಲವಾದ ಹತ್ತಾರು ಮಾದರಿಗಳು. ನಮ್ಮ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ಹೇಳಿ, ವೃತ್ತಿಯಿಂದ ವಿವರಿಸಿ, ಪೂರ್ವಕವಿಗಳ ಪ್ರಯೋಗವನ್ನು ಸಾಕ್ಷಿಯಾಗಿ ತೋರಿಸುವನು. ನಮ್ಮ ಗಣಕವಿದ್ಯಾರ್ಥಿಗೆ ಸೂತ್ರ ಸಿಕ್ಕಿದೆ, ವೃತ್ತಿಯೂ ಸಿಕ್ಕಿದೆ. ಬಲ್ಲವರ ಪ್ರಯೋಗವನ್ನು ಓದುವ ಅವಕಾಶ ಮಾತ್ರ ಸಿಕ್ಕಿಲ್ಲ. ಕ್ರಮವಿಧಿಯೂ ಮನುಷ್ಯರು ಓದತಕ್ಕ ಬರವಣಿಗೆಯೇ ಎಂದು ಡೊನಾಲ್ಡ್ ಕ್ನೂತ್ 1984ರಲ್ಲಿ ವಾದಿಸಿದರು. ಆ ಮಾತು ನಮ್ಮ ತರಗತಿಗಳನ್ನು ಇನ್ನೂ ಮುಟ್ಟಿದಂತೆ ಕಾಣುವುದಿಲ್ಲ.

ಒಂದು ನಿದರ್ಶನವನ್ನು ನನ್ನ ವೃತ್ತಿಯಿಂದಲೇ ಕೊಡುತ್ತೇನೆ. ಸರಳಬಡ್ಡಿಯನ್ನು ಲೆಕ್ಕಮಾಡುವ ಕ್ರಮವಿಧಿ ಪ್ರಾರಂಭದ ಪಾಠಗಳಲ್ಲಿ ಸರ್ವೇಸಾಮಾನ್ಯ. ಅಸಲು, ಕಾಲ, ದರ ಇವನ್ನು ಗುಣಿಸಿ ನೂರರಿಂದ ಭಾಗಿಸಿದರೆ ಮುಗಿಯಿತು. ಆದರೆ ಉಳಿತಾಯ ಖಾತೆಯಲ್ಲಿ ಅಸಲು ಯಾವುದು? 2010ರ ಏಪ್ರಿಲ್ 1ಕ್ಕೆ ಮುಂಚೆ ಪ್ರತಿ ತಿಂಗಳ 10ನೆಯ ತಾರೀಖಿನಿಂದ ಕೊನೆಯವರೆಗಿನ ಕನಿಷ್ಠ ಶಿಲ್ಕಿಗೆ ಮಾತ್ರ ಬಡ್ಡಿ ಸಲ್ಲುತ್ತಿತ್ತು. ಅಂದಿನಿಂದ ರಿಸರ್ವ್ ಬ್ಯಾಂಕಿನ ಆದೇಶದಂತೆ ದಿನದಿನದ ಶಿಲ್ಕಿಗೆ ಸಲ್ಲುತ್ತದೆ. ಜೂನ್ ತಿಂಗಳಲ್ಲಿ ಒಬ್ಬರ ಖಾತೆಯಲ್ಲಿ 10,000 ರೂಪಾಯಿ ಇದೆಯೆನ್ನೋಣ. 25ರಂದು 9,000 ತೆಗೆದು 28ರಂದು ಮತ್ತೆ ಕಟ್ಟಿದರು. ದರವನ್ನು ಶೇಕಡಾ 3 ಎಂದು ಹಿಡಿದರೆ ಹಳೆಯ ನಿಯಮದಂತೆ ಆ ತಿಂಗಳ ಬಡ್ಡಿ 2 ರೂಪಾಯಿ 50 ಪೈಸೆ. ಹೊಸ ನಿಯಮದಂತೆ 22 ರೂಪಾಯಿ 44 ಪೈಸೆ. ಎರಡು ಕ್ರಮವಿಧಿಗಳೂ ವ್ಯಾಕರಣಶುದ್ಧ. ಯಂತ್ರ ಎರಡಕ್ಕೂ ತಲೆಯಾಡಿಸುತ್ತದೆ. ಯಾವುದು ಸರಿಯೆಂದು ಹೇಳಬೇಕಾದವನು ನಿಯಮವನ್ನು ಓದಿದ ಮನುಷ್ಯ. ಅಧಿಕ ವರ್ಷದಲ್ಲಿ 365ರಿಂದ ಭಾಗಿಸಬೇಕೆ, 366ರಿಂದಲೆ? ಪೈಸೆಯನ್ನು ಎಲ್ಲಿ ಪೂರ್ಣಗೊಳಿಸಬೇಕು? ಪಠ್ಯದ ಸೂತ್ರದಲ್ಲಿ ಈ ಪ್ರಶ್ನೆಗಳಿಗೆ ಎಡೆಯೇ ಇಲ್ಲ. ಯಂತ್ರವು ತಪ್ಪೆನ್ನದ ಇಂಥ ತಪ್ಪುಗಳಿಂದಲೇ ಠೇವಣಿದಾರನ ಹಣಕ್ಕೆ ನಷ್ಟ ಬರುವುದು.

ಈ ಕೊರತೆಯನ್ನು ಕಂಡುಕೊಂಡವರು ಇಲ್ಲದಿಲ್ಲ. ಮದರಾಸು ಐ.ಐ.ಟಿ.ಯು 2020ರಲ್ಲಿ ತೆರೆದ, ದೂರದಿಂದ ಓದಬಹುದಾದ ಪದವಿಯಲ್ಲಿ ವಿದ್ಯಾರ್ಥಿಗಳು ಪೈಥಾನಿಗೆ ಮೊದಲು ಗಣಕಚಿಂತನೆಯ ಪಾಠವನ್ನು ಓದಬೇಕು. ಮಾಧವನ್ ಮುಕುಂದ್, ಜಿ. ವೆಂಕಟೇಶ್ ಇವರು ರೂಪಿಸಿದ ಈ ಪಾಠದಲ್ಲಿ ಅಂಕಪಟ್ಟಿಯ ಚೀಟಿಗಳನ್ನೂ ಅಂಗಡಿಯ ಬಿಲ್ಲುಗಳನ್ನೂ ಒಂದೊಂದಾಗಿ ನೋಡಿ, ಎಣಿಸಿ, ವಿಂಗಡಿಸುವ ವಿಧಾನವನ್ನು ಮೊದಲು ಮಾತಿನಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಇದು ಸ್ತುತ್ಯವಾದ ಕ್ರಮ. ಆದರೆ ವಿದ್ಯಾರ್ಥಿಗಳ ಸಂಖ್ಯೆ ಸಾವಿರಗಟ್ಟಲೆಯಾದಲ್ಲಿ ಉತ್ತರಗಳನ್ನು ತಿದ್ದುವ ಭಾರ ಬಹುಮಟ್ಟಿಗೆ ಯಂತ್ರದ ಮೇಲೆಯೇ ಬೀಳುವುದು. ಉತ್ತರ ಸರಿಯೆ ಎಂದು ಯಂತ್ರ ಹೇಳೀತು. ವಿದ್ಯಾರ್ಥಿಯು ಕಾರಣವನ್ನು ವಿವರಿಸಿದ ವಾಕ್ಯವನ್ನು ಓದಿ ‘ಇಲ್ಲಿ ಎಡವಿದ್ದೀಯೆ’ ಎಂದು ಹೇಳಲು ಗುರುವೇ ಬೇಕು.

ಇಲ್ಲೊಂದು ಪೂರ್ವಪಕ್ಷವುಂಟು. 2022ರ ಕೊನೆಯಿಂದೀಚೆಗೆ ಕೇಳಿದ ಕ್ರಮವಿಧಿಯನ್ನು ಯಂತ್ರವೇ ಬರೆದುಕೊಡುತ್ತಿದೆಯಲ್ಲ, ಇನ್ನು ಈ ಪಾಠದ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಗುಮಾಸ್ತನು ಬರೆದ ಲೆಕ್ಕಕ್ಕೆ ಸಹಿ ಹಾಕುವ ಅಧಿಕಾರಿಗೆ ಲೆಕ್ಕ ಬರಬೇಕಾಗಿಲ್ಲವೆಂದು ಯಾರೂ ಹೇಳುವುದಿಲ್ಲ. ಬರೆಯುವ ಶ್ರಮ ಕಡಮೆಯಾದಷ್ಟೂ ಓದಿ ಒಪ್ಪುವ ಹೊಣೆ ಹೆಚ್ಚುತ್ತದೆ. ವ್ಯರ್ಥವಾದುದು ಕಂಠಪಾಠದ ಮಾದರಿಯನ್ನು ಪ್ರಯೋಗಶಾಲೆಯಲ್ಲಿ ಬರೆಸುವ ಪರೀಕ್ಷೆಯೇ ಹೊರತು ವಿವೇಚನೆಯ ಶಿಕ್ಷಣವಲ್ಲ.

ಆದುದರಿಂದ ಸುಧಾರಣೆ ಪರೀಕ್ಷೆಯಿಂದ ಆರಂಭವಾಗಬೇಕು. ವಿದ್ಯಾರ್ಥಿಯ ಕೈಗೆ ಒಂದು ಪುಟದ ಮುದ್ರಿತ ಕ್ರಮವಿಧಿಯನ್ನೂ ಅದು ಪಾಲಿಸಬೇಕಾದ ನಿಯಮವನ್ನೂ ಕೊಡಲಿ. ಅದು ಏನು ಮಾಡುತ್ತದೆ, ಯಾವ ಸಂದರ್ಭದಲ್ಲಿ ನಿಯಮವನ್ನು ಮೀರುತ್ತದೆ ಎಂಬುದನ್ನು ಅವನು ತನಗೆ ಬಲ್ಲ ಭಾಷೆಯಲ್ಲಿ ಹತ್ತು ವಾಕ್ಯಗಳಲ್ಲಿ ಬರೆಯಲಿ. ಅಧ್ಯಾಪಕರು ಎದುರಿಗೆ ಕೂರಿಸಿಕೊಂಡು ಪ್ರಶ್ನಿಸಲಿ. ಆ ಭಾಷೆ ಇಂಗ್ಲಿಷೇ ಆಗಬೇಕೆಂಬ ನಿರ್ಬಂಧ ಅನಾವಶ್ಯಕ. ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು 1912ರಲ್ಲಿ ಅಚ್ಚುಹಾಕಿದ ಊರು ಇದು. ವ್ಯಾಪಾರದ ಲೆಕ್ಕವನ್ನು ರಾಜಾದಿತ್ಯನು 12ನೆಯ ಶತಮಾನದಲ್ಲಿಯೇ ಕನ್ನಡದಲ್ಲಿ ಸೂತ್ರ, ಉದಾಹರಣೆಗಳ ಸಹಿತ ಹೇಳಿದನು. ತರಗತಿಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳು ತಾವು ಬರೆದ ಕ್ರಮವಿಧಿಯ ನಿಯಮವನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಯಹೇಳಲಿ. ಹಾಗೆ ಹೇಳಲು ಹೋದಾಗ ಮಾತು ತಡವರಿಸಿದರೆ, ಎಡವಟ್ಟು ಇರುವುದು ಹೆಚ್ಚಾಗಿ ಕನ್ನಡದಲ್ಲಲ್ಲ, ನಿಯಮವನ್ನು ಗ್ರಹಿಸಿದ ಬಗೆಯಲ್ಲಿ.