ಮೂರು ಚಕ್ರಗಳ ಮೇಲೊಂದು ನಗರ: ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಸಂಗೀತ

ಬೆಂಗಳೂರಿನಲ್ಲಿ 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡವು ಸಿನಿಮಾ ಸಂಗೀತದ ಆಶ್ರಯ ಬಯಸದೆ, ತನ್ನ ಹಾಡುಗಳನ್ನು ತಾನೇ ಬರೆದು, ರಾಗ ಕಟ್ಟಿ, ಮುದ್ರಿಸಿಕೊಂಡು ಬಂದಿದೆ. ಚಿತ್ರಗೀತೆಗೆ ಕಥೆಯ ಸಂದರ್ಭದ ಮತ್ತು ನಟನ ಮುಖದ ಬೆಂಬಲವಿರುತ್ತದೆ. ಇಂತಹ ತಂಡದ ಹಾಡಿಗಾದರೋ ಆ ಊರುಗೋಲಿಲ್ಲದ ಕಾರಣ, ಅದು ತನ್ನ ನಾದ ಮತ್ತು ಮಾತಿನ ಬಲದಿಂದಲೇ ಕೇಳುಗನನ್ನು ಹಿಡಿದಿಡಬೇಕಾಗುತ್ತದೆ.

ಗಿಟಾರ್ ನುಡಿಸುತ್ತ ಹಾಡುವ ಬ್ರೂಸ್ ಲೀ ಮಣಿ ಮತ್ತು ಡ್ರಮ್ಸ್ ವಾದಕ ರಾಜೀವ್ ರಾಜಗೋಪಾಲ್ ಈ ತಂಡದ ಸ್ಥಿರವಾದ ಕೇಂದ್ರ. ಇವರು ‘ಬೆಂಗಳೂರು ರಾಕ್’ ಎಂದು ಕರೆದುಕೊಳ್ಳುವ ಶೈಲಿಯಲ್ಲಿ ರಾಕ್‌ನ ಜೊತೆಗೆ ಜಾಝ್‌ನ ಜಟಿಲ ಸ್ವರಮೇಳಗಳೂ, ಅಮೆರಿಕದ ಕಪ್ಪುಜನರ ಲಯಪ್ರಧಾನ ಸಂಗೀತವಾದ ಫಂಕ್‌ನ ನಡೆಯೂ ಕೂಡಿಕೊಂಡಿವೆ. ಫಂಕ್‌ನಲ್ಲಿ ಹಲವು ಒತ್ತುಗಳು ನಿರೀಕ್ಷಿತ ಪೆಟ್ಟಿಗೆ ಬೀಳದೆ ತುಸು ಮುಂಚೆಯೋ ತಡವಾಗಿಯೋ ಬೀಳುತ್ತವೆ; ತಾಳದ ಆರಂಭಕ್ಕೆ ಮುಂಚೆಯೋ ನಂತರವೋ ಹಾಡನ್ನು ಎತ್ತಿಕೊಳ್ಳುವ ಕರ್ನಾಟಕ ಸಂಗೀತದ ಅತೀತ, ಅನಾಗತ ಎಡುಪುಗಳಿಗೆ ಪಳಗಿದ ಕಿವಿಗೆ ಈ ತೂಗಾಟ ತೀರ ಅಪರಿಚಿತವೆನಿಸದು. ಮಣಿಯವರ ಗಿಟಾರಿನಲ್ಲಿ ವೇಗದ ಪ್ರದರ್ಶನಕ್ಕಿಂತ ಸ್ವರಗಳ ನಡುವಿನ ಬಿಡುವಿಗೆ ಹೆಚ್ಚು ಬೆಲೆಯಿರುವುದು ತಂಡದ ದೊಡ್ಡ ಗುಣ. ಆದರೆ ಹಲವೆಡೆ ಸ್ವರಮೇಳಗಳ ಜಟಿಲತೆಯೇ ಮುಂದಾಗಿ, ಹಾಡಿನ ಭಾವ ಕೇಳುಗನನ್ನು ತಲುಪುವ ಮೊದಲೇ ಚದುರಿಹೋಗುವುದು ಅದರ ನಿಜವಾದ ದೌರ್ಬಲ್ಯ.

ತಂಡದ ಮಹತ್ವಾಕಾಂಕ್ಷೆ ಪೂರ್ಣವಾಗಿ ಕಾಣುವುದು 2012ರ ‘3 ವೀಲ್ಸ್ 9 ಲೈವ್ಸ್’ ಎಂಬ ಮೂರು ಡಿಸ್ಕ್‌ಗಳ ಆಲ್ಬಮ್ಮಿನಲ್ಲಿ. ನಗರವನ್ನು ನೋಡಲು ಆಟೋರಿಕ್ಷಾವನ್ನು ಆಯ್ದುಕೊಂಡಿರುವುದು ಇಲ್ಲಿನ ಸರಿಯಾದ ನಿರ್ಧಾರ. ಏಕೆಂದರೆ ಐಟಿ ಉದ್ಯೋಗಿ, ಮಾರುಕಟ್ಟೆಯ ವ್ಯಾಪಾರಿ ಮತ್ತು ದೂರದ ಊರಿನಿಂದ ಬಂದಿಳಿದ ಹೊಸಬ, ಮೂವರೂ ಒಂದೇ ಸೀಟಿನಲ್ಲಿ ಕೂತೇಳುವ ವಾಹನ ಅದು. ‘ಮೀಟರ್ ಮೇಲೆ ಒನ್ ಅಂಡ್ ಎ ಹಾಫ್’ ಎಂಬ ಹಾಡಿನ ಶೀರ್ಷಿಕೆ ಬೆಂಗಳೂರಿನ ರಸ್ತೆಯಿಂದಲೇ ಎತ್ತಿಕೊಂಡ ಮಾತು: ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು ದರ ನಿಯಮಬದ್ಧವೇ ಆದರೂ, ಅದಕ್ಕೂ ಮುಂಚೆಯೇ ಅದನ್ನು ಕೇಳುವ ಚಾಲಕ ಮತ್ತು ಕೊಡಲೊಲ್ಲದ ಪ್ರಯಾಣಿಕನ ಜಗ್ಗಾಟ ಈ ನಗರದ ದಿನನಿತ್ಯದ ನಾಟಕ.

ಆದರೆ ವಿಮರ್ಶೆಯ ಮುಖ್ಯ ಪ್ರಶ್ನೆ ಏಳುವುದೂ ಇಲ್ಲಿಯೇ. ತಂಡ ಇಂಗ್ಲಿಷಿನಲ್ಲಿ ಹಾಡುವುದು ತಪ್ಪಲ್ಲ. ಬ್ರಿಟಿಷರ ದಂಡುಪ್ರದೇಶದ ಕಾಲದಿಂದಲೂ ಇಂಗ್ಲಿಷ್ ಈ ಊರಿನ ಒಂದು ಮನೆಮಾತೇ ಆಗಿದೆ, ಅದನ್ನಾಡುವವರ ಬದುಕಿಗೂ ಅದರದೇ ಹಾಡು ಬೇಕು. ಆದರೆ ಕನ್ನಡ ಇಲ್ಲಿ ಎದುರಿನವನ ಮಾತಾಗಿ, ಚಾಲಕನ ಬೇಡಿಕೆಯಾಗಿ ಬರುತ್ತದೆ. ಹಾಡಿನ ಕಣ್ಣು ಹಿಂದಿನ ಸೀಟಿನಲ್ಲಿದ್ದವನದು. ಆಟೋವನ್ನು ನಗರದ ರೂಪಕವಾಗಿಸುವ ಕೃತಿ, ಹ್ಯಾಂಡಲ್ ಹಿಡಿದವನ ದೃಷ್ಟಿಯಿಂದಲೂ ರಸ್ತೆಯನ್ನು ನೋಡಲು ಅಷ್ಟೇ ಶ್ರಮಿಸಿದ್ದರೆ ಅದರ ವ್ಯಾಪ್ತಿ ಬೇರೆಯೇ ಆಗುತ್ತಿತ್ತು. ಕನ್ನಡ, ಹಿಂದಿ ಎರಡರಲ್ಲೂ ಹಾಡುವ ಇದೇ ಊರಿನ ಸ್ವರಾತ್ಮ ತಂಡ ಆ ಇನ್ನೊಂದು ದಾರಿ ಅಸಾಧ್ಯವಲ್ಲವೆಂದು ತೋರಿಸಿದೆ, ವಾದನದ ಸೂಕ್ಷ್ಮದಲ್ಲಿ ಅದು ಥರ್ಮಲ್ ತಂಡದಷ್ಟು ಆಳಕ್ಕಿಳಿಯದಿದ್ದರೂ.

ವೇದಿಕೆಯಾಚೆಗಿನ ಕೆಲಸವನ್ನೂ ಗಣಿಸಬೇಕು. ಚುನಾವಣೆಯ ಹೊತ್ತಿನಲ್ಲಿ ಮತದಾನಕ್ಕೆ ಕರೆಕೊಟ್ಟ ‘ಷಟ್ ಅಪ್ ಅಂಡ್ ವೋಟ್’ ಕಛೇರಿಗಳಿಗಿಂತ, ತಂಡದವರು ಕಟ್ಟಿದ ‘ತಾಕಾಡೆಮಿ’ ಸಂಗೀತ ಶಾಲೆ ಹೆಚ್ಚು ದೂರಗಾಮಿಯಾದುದು. ಪಬ್ಬು, ಕಾಲೇಜು ಉತ್ಸವಗಳ ಸಂಭಾವನೆಯನ್ನಷ್ಟೇ ನಂಬಿ ಸ್ವಂತ ರಚನೆಗಳ ತಂಡವೊಂದು ಬಹುಕಾಲ ಬಾಳುವುದು ಕಷ್ಟ, ಅಲ್ಲಿ ಪ್ರಸಿದ್ಧ ಹಾಡುಗಳ ನಕಲಿಗೇ ಕೂಗು ಹೆಚ್ಚು. ಪಾಠ ಹೇಳುವ ಕಾಯಕ ತಂಡಕ್ಕೆ ಜೀವನಾಧಾರವನ್ನೂ ನಗರಕ್ಕೆ ಮುಂದಿನ ವಾದಕರನ್ನೂ ಒಟ್ಟಿಗೇ ಒದಗಿಸುತ್ತದೆ. 2020ರ ‘ಎ ವರ್ಲ್ಡ್ ಗಾನ್ ಮ್ಯಾಡ್’ ಆಲ್ಬಮ್ಮಿನ ಹೊತ್ತಿಗೂ ತಂಡ ಹೊಸ ಹಾಡು ಬರೆಯುತ್ತಲೇ ಇದ್ದುದಕ್ಕೆ ಪ್ರತಿಭೆಯಷ್ಟೇ ಈ ವ್ಯವಸ್ಥೆಯೂ ಕಾರಣವೆನ್ನಬಹುದು.